ಏರಿಯ ಸುದ್ದಿ ಅರಮನೆ ಮುಟ್ಟಿದ ಬಗೆ

ಬಹಳ ಹಿಂದೆ ಶ್ರವಣಪುರಿ ಎಂಬ ರಾಜ್ಯವೊಂದಿತ್ತು. ಎಷ್ಟು ಹಿಂದೆ ಎಂದರೆ, ಪ್ರಜೆಗಳ ಮಾತು ತಮಗೆ ಕೇಳಿಸುತ್ತಿಲ್ಲವಲ್ಲ ಎಂದು ಆಳುವವರೇ ಕೊರಗುತ್ತಿದ್ದಷ್ಟು ಹಿಂದೆ. ಮಹಾರಾಜ ಕರ್ಣಾನಂದ ಭೂಪತಿಗಳಿಗೆ ಈ ಕೊರಗಿನಿಂದ ಊಟ ಸೇರದಾದಾಗ, ಮಹಾಮಂತ್ರಿ ವಾಚಸ್ಪತಿರಾಯರು ಆರು ತಿಂಗಳು ಅಧ್ಯಯನ ಪ್ರವಾಸ ಮಾಡಿ ಬಂದು ವರದಿ ಒಪ್ಪಿಸಿದರು. ರಾಜನಿಗೂ ಪ್ರಜೆಗೂ ನಡುವೆ ಭಾಷೆ, ಭಾವೋದ್ವೇಗ, ಗದ್ದಲ, ಸಮಯದ ಅಭಾವ ಎಂಬ ನಾಲ್ಕು ಅಡೆತಡೆಗಳಿದ್ದವಂತೆ. ಒಂದೊಂದರ ನಿವಾರಣೆಗೆ ಒಬ್ಬೊಬ್ಬ ಅಧಿಕಾರಿ ನೇಮಕವಾದ. ಆಮೇಲೆ ರಾಜನಿಗೂ ಪ್ರಜೆಗೂ ನಡುವೆ ಆ ನಾಲ್ವರ ಹೊರತು ಬೇರೇನೂ ಉಳಿಯಲಿಲ್ಲ.

ಚಿಕ್ಕೀರಯ್ಯ ದೊಡ್ಡಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು, ದಿನಕ್ಕೆರಡು ಸಲ ಏರಿಯ ಮೇಲೆ ನಡೆದು ನೋಡುವುದು ಅವನ ಕೆಲಸ. ಒಂದು ಬೆಳಿಗ್ಗೆ ಏರಿಯ ಹೊರಮೈಯಲ್ಲಿ ಅಂಗೈಯಗಲ ಒದ್ದೆ ಕಂಡ. ಬುತ್ತಿ ಉಂಡು ಬರುವಷ್ಟರಲ್ಲಿ ಅದು ಕಂಬಳಿಯಗಲವಾಗಿತ್ತು. ಜಿನುಗುವ ನೀರಿನಲ್ಲಿ ಕೆಮ್ಮಣ್ಣು ಬೆರೆತಿತ್ತು. ಮಣ್ಣು ಕರಗಿ ಬರುತ್ತಿದೆಯೆಂದರೆ ಏರಿಯ ಹೊಟ್ಟೆ ಟೊಳ್ಳಾಗುತ್ತಿದೆ ಎಂದೇ ಅರ್ಥ. ಕೆಳಗೆ ನೂರಿಪ್ಪತ್ತು ಮನೆಗಳಿದ್ದವು. ಮೊದಲನೆಯದು ಅವನದೇ, ಒಳಗೆ ಬಾಣಂತಿ ಮಗಳು ಮಲಗಿದ್ದಳು. ಅರಸರ ಅಪ್ಪಣೆಯಿಲ್ಲದೆ ಏರಿಗೆ ಒಂದು ಬುಟ್ಟಿ ಮಣ್ಣು ಹಾಕುವಂತಿರಲಿಲ್ಲ. ಅವನು ಅರಮನೆಗೆ ಓಡಿದ.

"ಏರಿ ಒಳಗಿಂದ ಜಿನುಗ್ತದೆ ಬುದ್ಧಿ. ನಾಳೆ ಸಂಜೆಗೆ ಒಡೀತದೆ. ಇನ್ನೂರು ಆಳು ಬಂದು ಮಣ್ಣು ಹೊತ್ರೆ ಉಳೀತದೆ," ಎಂದ ಭಾಷಾಧಿಕಾರಿಯ ಮುಂದೆ.

ಇಂಥ ಹಳ್ಳಿಮಾತು ಅರಸರ ಕಿವಿಗೆ ಒಗ್ಗುವುದಿಲ್ಲವೆಂದು ಅಧಿಕಾರಿ ಅದನ್ನು ತಿದ್ದಿ, "ತಟಾಕವು ಅಂತರಂಗದಿಂದ ದ್ರವಿಸುತ್ತಿದೆ, ನಾಳೆ ಸಾಯಂಕಾಲ ಬಂಧಮುಕ್ತವಾಗಲಿದೆ, ಮೃತ್ತಿಕಾವಾಹಕರಾದ ದ್ವಿಶತ ಜನರ ಉಪಸ್ಥಿತಿ ಪ್ರಾರ್ಥನೀಯ" ಎಂದು ಬರೆದ. ಭಾವೋದ್ವೇಗದ ಅಧಿಕಾರಿ ಚಿಕ್ಕೀರಯ್ಯನಿಗೆ ಮಜ್ಜಿಗೆ ಕೊಟ್ಟು, ಉಸಿರನ್ನು ನಿಧಾನ ಎಳೆದು ಬಿಡುವುದನ್ನು ಕಲಿಸಿ, ಮಾತಿನೊಳಗಿನ ಹೆದರಿಕೆಯನ್ನು ತೆಗೆದು ಅಲ್ಲಿ ಪ್ರೀತಿಯನ್ನು ಹಾಕಿದ. ಗದ್ದಲದ ಅಧಿಕಾರಿಗೆ ಮಣ್ಣು ಅನವಶ್ಯಕ ವಿವರವೆನಿಸಿತು. ಸಮಯದ ಅಧಿಕಾರಿ ಉಳಿದದ್ದನ್ನು ಹಿಂಡಿ ಅರಸರ ಕಿವಿಯಲ್ಲಿ ಉಸುರಿದ: "ಕೆರೆ ಪ್ರೀತಿಯಿಂದ ಕರಗಿದೆ. ನಾಳೆ ಇನ್ನೂರು ಜನ ಸೇರಬೇಕು."

ಅರಸರ ಕಣ್ಣು ತೇವವಾಯಿತು. ಪ್ರಜೆಗಳು ಇರಲಿ, ಕೆರೆಕಟ್ಟೆಗಳೂ ತಮ್ಮೊಡನೆ ಮನಬಿಚ್ಚಿ ಮಾತಾಡತೊಡಗಿದವಲ್ಲ ಎಂದು ಹಿಗ್ಗಿದರು.

ಚಿಕ್ಕೀರಯ್ಯನಿಗೆ ತಡೆಯಲಾಗಲಿಲ್ಲ. ಸಿಂಹಾಸನದಿಂದ ಮೂರೇ ಮಾರು ದೂರದಲ್ಲಿ ನಿಂತು, "ಏರಿ ಒಡೀತದೆ ಸ್ವಾಮಿ, ಜನ ಸಾಯ್ತಾರೆ" ಎಂದು ಕೂಗಿಬಿಟ್ಟ.

ಅರಸರು ಸಮಯದ ಅಧಿಕಾರಿಯತ್ತ ತಿರುಗಿದರು. "ಏನಂದ?"

"ಅದನ್ನೇ ಇನ್ನೊಮ್ಮೆ ಒತ್ತಿ ಹೇಳಿದ, ಪ್ರಭು."

"ಎಷ್ಟು ಸ್ಪಷ್ಟ ಮಾತು. ಈಗ ನೋಡಿ, ಒಂದಕ್ಷರವೂ ತಪ್ಪದೆ ತಲುಪುತ್ತಿದೆ."

ಒಡನೆಯೇ ರಾಜಾಜ್ಞೆ ಹೊರಟಿತು. ಮರುದಿನ ಸಂಜೆ ಕೆರೆಯ ಕೆಳಗಿನ ಇನ್ನೂರು ಗಟ್ಟಿ ಆಳುಗಳು ಬರಿಗೈಯಲ್ಲಿ ಅರಮನೆಯ ಮೈದಾನಕ್ಕೆ ಬಂದು ಸಂವಹನ ಮಹೋತ್ಸವದಲ್ಲಿ ಚಪ್ಪಾಳೆ ತಟ್ಟತಕ್ಕದ್ದು. ಚಿಕ್ಕೀರಯ್ಯನ ಮುಂದೆ ಅಭಿಪ್ರಾಯ ಪತ್ರ ಹಿಡಿದರು. ಅದರಲ್ಲಿ 'ತೃಪ್ತಿ', 'ಪರಮತೃಪ್ತಿ' ಎಂಬ ಎರಡೇ ಮನೆಗಳಿದ್ದವು. ಓದಲು ಬಾರದ ಅವನ ಒರಟು ಹೆಬ್ಬೆಟ್ಟು ಎರಡರ ಮೇಲೂ ಬಿತ್ತು.

ಅವನು ಊರು ಸೇರುವಾಗ ಸೈನಿಕರು ಆಗಲೇ ಗಂಡಾಳುಗಳನ್ನು ಸಾಲಾಗಿ ಹೊರಡಿಸಿದ್ದರು. ಮಣ್ಣು ಹೊರಲು ಯಾರೂ ಉಳಿದಿರಲಿಲ್ಲ. ಅವನು ಕಂಚಿನ ತಟ್ಟೆ ಬಡಿಯುತ್ತ ಮನೆಮನೆಗೂ ಹೋಗಿ, ಊರ ಪಕ್ಕದ ಎತ್ತರದ ಬಂಡೆ ಹತ್ತಿ ಎಂದ. ನಡುವೆ ಅಧಿಕಾರಿಗಳು ಯಾರೂ ಇರಲಿಲ್ಲವಾಗಿ ಹೆಂಗಸರಿಗೂ ಮುದುಕರಿಗೂ ಒಂದೇ ಮಾತಿಗೆ ಅರ್ಥವಾಯಿತು. ಮಗಳನ್ನು ತೋಳಲ್ಲಿ ಎತ್ತಿಕೊಂಡು, ಕೂಸನ್ನು ಹೆಂಡತಿಯ ಮಡಿಲಿಗೆ ಕೊಟ್ಟು, ಅವನೇ ಕೊನೆಗೆ ಹತ್ತಿದ. ಅರಮನೆಯಲ್ಲಿ ಮೊದಲ ಚಪ್ಪಾಳೆ ಬೀಳುವ ಹೊತ್ತಿಗೆ ಏರಿ ಬಾಯಿಬಿಟ್ಟಿತು. ನೂರಿಪ್ಪತ್ತು ಮನೆಗಳೂ ಕಟಾವಿಗೆ ಬಂದ ಪೈರೂ ಅವರ ಕಣ್ಣೆದುರೇ ಹೋದವು. ಚಿಕ್ಕೀರಯ್ಯ ತನ್ನ ಮನೆಯ ಸೂರು ತೇಲಿಹೋಗುವುದನ್ನು ಕಣ್ಮರೆಯಾಗುವವರೆಗೂ ನೋಡಿದ.

ಮೂರನೆಯ ದಿನ ವಾಚಸ್ಪತಿರಾಯರು ನಾಲ್ವರು ಅಧಿಕಾರಿಗಳೊಡನೆ ದೋಣಿಯಲ್ಲಿ ಬಂದು ಕ್ಷೇಮ ವಿಚಾರಿಸಿದರು.

"ಎಲ್ಲಾ ಮುಳುಗೋಯ್ತು ಬುದ್ಧಿ," ಎಂದ ಚಿಕ್ಕೀರಯ್ಯ.

ಪ್ರಜೆಗಳು ಆನಂದದಲ್ಲಿ ಮುಳುಗಿದ್ದಾರೆ ಎಂಬ ಸಂದೇಶ ಅಂದೇ ಅರಮನೆ ಸೇರಿತು. ಕರ್ಣಾನಂದ ಭೂಪತಿಗಳಿಗೆ 'ನಿರಂತರಾಯ ಚಕ್ರವರ್ತಿ', ಅಂದರೆ ಅಡೆತಡೆಗಳೇ ಇಲ್ಲದ ದೊರೆ, ಎಂಬ ಬಿರುದಿನೊಡನೆ ಎರಡನೆಯ ಪಟ್ಟಾಭಿಷೇಕವಾಯಿತು. ರಾಜ್ಯದ ಅತಿದೊಡ್ಡ ತಡೆಗೋಡೆ ತಾನಾಗಿಯೇ ಬಿದ್ದಿರುವುದರಿಂದ ಅದನ್ನು ಯಾರೂ ಮತ್ತೆ ಕಟ್ಟಕೂಡದೆಂದೂ, ಅಧಿಕಾರಿಗಳ ದೋಣಿಗೆ ಹುಟ್ಟು ಹಾಕಲು ಮನೆಗೊಬ್ಬ ಆಳು ಬರತಕ್ಕದ್ದೆಂದೂ ಅಪ್ಪಣೆಯಾಯಿತು. ಮನೆ ಇಲ್ಲದವರು ಇಬ್ಬರನ್ನು ಕಳಿಸಬೇಕಿತ್ತು.

ಬಂಡೆಯ ಮೇಲೆ ಚಿಕ್ಕೀರಯ್ಯನ ಮೊಮ್ಮಗು ಹಸಿದು ಅಳುತ್ತಿತ್ತು. ಅದು ಏನು ಹೇಳುತ್ತಿದೆಯೆಂದು ಎಲ್ಲರಿಗೂ ತಿಳಿಯುತ್ತಿತ್ತು. ಆದ್ದರಿಂದ ಕೂಡಲೇ ಐದನೆಯ ಅಧಿಕಾರಿಯೊಬ್ಬನನ್ನು ನೇಮಿಸಲಾಯಿತು.