ಬಪ್ಪುದ್, ಹೋಪುದ್

ಬಚ್ಚನನ್ನು ಸರಕೆಂದು ತೂಗಿದರೆ ಲೆಕ್ಕ ಹೀಗೆ: ಎತ್ತರ ಐದಡಿ ಎರಡಂಗುಲ, ಬಣ್ಣ ಬಿಸಿಲಿಗೆ ಮಾಸಿದ್ದು, ಮುಂದಿನ ಹಲ್ಲೊಂದು ಖಾಲಿ, ಬಾಳಿಕೆ ಗಟ್ಟಿ, ಹೊರನೋಟ ಸಾಧಾರಣ. ಅಂಗಡಿಯ ಎದುರು ನೇತುಹಾಕಿ ಗಿರಾಕಿ ಸೆಳೆಯುವ ಮಾಲಲ್ಲ. ಒಳಗೆ ಮೂಲೆಯಲ್ಲಿ, ಬೇಕಾದಾಗ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಮಾಲು. ನಾವುಂದದಲ್ಲಿ ಬಲೆ-ಹಗ್ಗದ ಅಂಗಡಿ ಇಟ್ಟಿರುವ ಉಮಾನಾಥ ಈ ತೀರ್ಮಾನಕ್ಕೆ ಬಂದದ್ದು ಹತ್ತನೇ ಕ್ಲಾಸಿನಲ್ಲಿ. ಇಪ್ಪತ್ತೈದು ವರ್ಷ ಕಳೆದರೂ ಅದನ್ನು ತಿದ್ದುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಬಲೆ ನೋಡಿದ ಹಾಗೆಯೇ ಅವನು ಮನುಷ್ಯರನ್ನೂ ನೋಡುವುದು. ಮೊದಲು ಕಣ್ಣು ಎಷ್ಟಗಲ, ಆಮೇಲೆ ನೂಲು ಎಷ್ಟು ಗಟ್ಟಿ. (ಹರಿಣಾಕ್ಷಿಯನ್ನು ಹೆಣ್ಣು ನೋಡಲು ಹೋದಾಗಲೂ ಕಣ್ಣನ್ನೇ ಮೊದಲು ನೋಡಿದ್ದ. ನೂಲಿನ ಗಟ್ಟಿತನ ಮದುವೆಯಾದ ಮೇಲೆ ತಿಳಿಯಿತು.)

ಹತ್ತನೇ ಕ್ಲಾಸಿನಲ್ಲಿ ಆದದ್ದು ಇಷ್ಟೇ. ನಾಲ್ವರು ಸೇರಿ ಒಂದು ಬ್ಯಾಂಡು ಕಟ್ಟಿದರು. ಪ್ರೇಮಾನಂದನಿಗೆ ಮುಂಬಯಿಯ ಮಾವ ಕೀಬೋರ್ಡು ತಂದುಕೊಟ್ಟಿದ್ದ. ವಿನಯಾಗೆ ಹಾಡಲು ಬರುತ್ತಿತ್ತು, ಹಾಡು ಕಟ್ಟಲೂ ಬರುತ್ತಿತ್ತು. ಬಚ್ಚ ದೋಣಿಯವರ ಮನೆಯವನು; ಅವನ ಗಂಟಲಿನಲ್ಲಿ ಏನಿದೆಯೆಂದು ಕ್ಲಾಸಿಗೆಲ್ಲ ಗೊತ್ತಿತ್ತು. ಉಮಾನಾಥನ ಬಳಿ ಇದ್ದದ್ದು ಅಪ್ಪನ ಅಂಗಡಿಯ ಆಂಪ್ಲಿಫೈಯರು, ಎರಡು ಮೈಕು. ಮೈಕು ಯಾರದೋ ಹಾಡೂ ಅವರದೇ ಎಂಬ ವ್ಯಾಪಾರನೀತಿಯಂತೆ ಉಮಾನಾಥ ಪ್ರಧಾನ ಗಾಯಕನಾದ.

"ನಿನ್ ಸ್ವರ ಅಡ್ಡಿಲ್ಲೆ ಬಚ್ಚ," ಎಂದು ಅವನು ಅಂದು ಹೇಳಿದ್ದ, "ಆರೆ ಎದ್ರಿಗ್ ನಿಂತ್ಕಂಬುಕೆ ಒಂದ್ ಶೋ ಬೇಕಲೆ. ಹಲ್ ಬೇರೆ ಇಲ್ಲೆ. ನೀ ಹಿಂದ್ ಕೂಕಂಡ್ ವಯರ್ ಕಾಣ್."

ಬಚ್ಚ ನಕ್ಕು, ಹಲ್ಲಿಲ್ಲದ್ದು ನೆನಪಾಗಿ ಬಾಯಿ ಮುಚ್ಚಿ, ಹಿಂದೆ ಹೋಗಿ ಕುಳಿತ.

ಬ್ಯಾಂಡಿನ ಹೆಸರು 'ಹೋಪ'. ಶಾಲೆಯ ಕೊನೆಯ ಗಂಟೆ ಹೊಡೆದ ಕೂಡಲೇ ನಾಲ್ವರೂ ಹೇಳುತ್ತಿದ್ದ ಮಾತದು; ಹೋಗೋಣ ಎಂದರ್ಥ. ಮೊದಲ ಬ್ಯಾನರಿಗೆ ಕೊಟ್ಟಾಗ ಕುಂದಾಪುರದ ಪ್ರಿಂಟರಿನವನು, ಇವರಿಗೆ ಇಂಗ್ಲಿಷ್ ಬಾರದೆಂದು ಮರುಗಿ, ತಾನೇ 'ಹೋಪ್' ಎಂದು ತಿದ್ದಿ ಅಚ್ಚು ಹಾಕಿದ. ಆ ಬ್ಯಾನರು ನೋಡಿ ಬ್ರಹ್ಮಾವರದವರು ಹೃದ್ರೋಗಿಗಳಿಗೆ ಧೈರ್ಯ ತುಂಬುವ ಸಭೆಗೆ ಇವರನ್ನು ಕರೆಸಿದರು. ವೇದಿಕೆ ಹತ್ತಿದ ಉಮಾನಾಥ, ಹೃದಯ ಕೈಯಲ್ಲಿ ಹಿಡಿದು ಕುಳಿತಿದ್ದ ನೂರು ಜನರಿಗೆ ಬ್ಯಾಂಡಿನ ಹೆಸರಿನ ಅರ್ಥವನ್ನು ವಿವರವಾಗಿ ಹೇಳಿದ: "ಹೋಪ ಅಂದ್ರೆ, ಎಲ್ಲರೂ ಒಟ್ಟಿಗೇ ಹೋಗೋಣ!" ಬ್ರಹ್ಮಾವರದವರು ಮತ್ತೆ ಕರೆಯಲಿಲ್ಲ.

ಉಳಿದವರು ಕರೆದರು. ಗಣಪತಿ ಕೂರಿಸಿದಲ್ಲಿ, ಮದುವೆ ಮನೆಯಲ್ಲಿ, ವಂಡ್ಸೆಯ ಶಾಲಾ ವಾರ್ಷಿಕೋತ್ಸವದಲ್ಲಿ, ಬೈಂದೂರಿನ ಕ್ರಿಕೆಟ್ ಟೂರ್ನಮೆಂಟಿನ ಬಹುಮಾನ ಹಂಚುವಲ್ಲಿ 'ಹೋಪ' ಹಾಡಿತು. ವಿನಯಾ ಟೀಚರಾದಳು, ಪ್ರೇಮಾನಂದ ಎಲ್‌ಐಸಿ ಏಜೆಂಟಾದ, ಬಚ್ಚ ಬೋಟಿಗೆ ಹೋದ. ಎಲ್ಲಿದ್ದರೂ ವರ್ಷಕ್ಕೆ ಏಳೆಂಟು ಸಲ ಸೇರುತ್ತಿದ್ದರು. ಉಮಾನಾಥ ಎದುರು, ಅವನ ಕಾಲಬುಡದಲ್ಲಿ ಅವನ ಸ್ವರ ಅವನಿಗೇ ಕೇಳಿಸುವ ಸಣ್ಣ ಸ್ಪೀಕರು ಪೆಟ್ಟಿಗೆ; ಬಚ್ಚ ಹಿಂದೆ. ಬಚ್ಚನ ಮುಂದೆ ಒಬ್ಬೊಬ್ಬರ ಸ್ವರ ಏರಿಸಿ ಇಳಿಸುವ ಗುಂಡಿಗಳ ಪೆಟ್ಟಿಗೆ, ಅದರ ಮೇಲೊಂದು ಟವೆಲು, ಟವೆಲಿನ ಅಡಿಯಲ್ಲಿ ಏನೇನೋ. (ಮೀನುಗಾರರ ಟವೆಲಿನ ಅಡಿಯಲ್ಲಿ ಏನಿದೆಯೆಂದು ಕೆದಕಿ ನೋಡುವವನು ಬುದ್ಧಿವಂತನಲ್ಲ.)

ಆ ಪೆಟ್ಟಿಗೆಯ ಗುಂಡಿಗಳ ಕೆಳಗೆ ಬಚ್ಚ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ, ತನ್ನ ಗುಂಡು ಅಕ್ಷರದಲ್ಲಿ ಬರೆದುಕೊಂಡಿದ್ದ. ವಿನಯಾಳ ಗುಂಡಿಗೆ 'ಬಪ್ಪುದ್', ಅಂದರೆ ಬರುವುದು. ಕೀಬೋರ್ಡಿನ ಗುಂಡಿಗೆ 'ಬಪ್ಪುದ್'. ಉಮಾನಾಥನ ಗುಂಡಿಗೆ ಮಾತ್ರ 'ಹೋಪುದ್', ಹೋಗುವುದು.

ಅದನ್ನು ನೋಡಿದಾಗಲೆಲ್ಲ ಉಮಾನಾಥನ ಎದೆ ಎರಡಂಗುಲ ಉಬ್ಬುತ್ತಿತ್ತು. ಬ್ಯಾಂಡಿನ ಹೆಸರನ್ನೇ ತನ್ನ ಗುಂಡಿಗೆ ಇಟ್ಟಿದ್ದಾನೆ! ಸರಕು ಸಾಧಾರಣವಾದರೂ ಬಚ್ಚನಿಗೆ ಯೋಗ್ಯತೆ ಗುರುತಿಸಲು ಬರುತ್ತದೆ ಎಂದುಕೊಂಡ.

ಮನೆಯಲ್ಲಿ ಆ ಯೋಗ್ಯತೆಗೆ ಮಾರುಕಟ್ಟೆ ಇರಲಿಲ್ಲ. ಅವನು ಅಭ್ಯಾಸಕ್ಕೆ ಕುಳಿತರೆ ಹರಿಣಾಕ್ಷಿ ಮಿಕ್ಸಿ ಹಾಕುತ್ತಿದ್ದಳು.

"ಸ್ಟೇಜಿನ ಸ್ವರ ಮನಿಗ್ ಏಗ್ಳಿಕ್ ಬಪ್ಪುದ್, ಹ್ವಾಯ್?" ಎಂದು ಕೇಳುವಳು.

"ಅದಕ್ಕೆ ಎಕೋ ಬೇಕ್. ಮನಿಯಂಗೆ ಎಕೋ ಎಲ್ಲಿತ್ತ್?"

"ಬಾವಿಗ್ ಬಗ್ಗಿ ಹಾಡಿನಿ. ಬೇಕಾದಷ್ಟ್ ಇತ್ತ್."

ಈಚಿನ ಎರಡು ವರ್ಷಗಳಲ್ಲಿ ಉಮಾನಾಥನಿಗೆ ಒಂದು ಗುಪ್ತ ಚಿಂತೆ ಹತ್ತಿತ್ತು. ವಿನಯಾ ಕಟ್ಟಿದ ಕಡಲ ಹಾಡಿನಲ್ಲಿ, "ಹೋಪ ಬಾ, ಕಡ್ಲ್ ಬದಿಗೆ ಹೋಪ ಬಾ" ಎಂದು ಅವನೊಬ್ಬನೇ ಎತ್ತುವ ಸಾಲಿನಲ್ಲಿ, ಕೊನೆಯ 'ಬಾ' ಮೇಲೆ ಹೋಗುವಾಗ ಸ್ಪೀಕರಿನಲ್ಲಿ ಸ್ವರ ಸಣ್ಣಗೆ ಸೀಳುತ್ತಿತ್ತು. ವಯಸ್ಸಾಯಿತೆಂದು ಬೆದರಿ ಅವನು ದಿನವೂ ಬೆಳಿಗ್ಗೆ ಕಾಳುಮೆಣಸಿನ ಕಷಾಯ ಕುಡಿಯತೊಡಗಿದ. ನಾಲಿಗೆ ಸುಟ್ಟಿತು, ಹೊಟ್ಟೆ ಉರಿಯಿತು, ಸೀಳು ಹಾಗೆಯೇ ಉಳಿಯಿತು. ಎಂದ ಮೇಲೆ ದೋಷ ಗಂಟಲಿನದಲ್ಲ, ಪೆಟ್ಟಿಗೆಯದು! ಬಚ್ಚನ ಹಳೇ ಪೆಟ್ಟಿಗೆಯದು!

ಬ್ಯಾಂಡಿಗೆ ಇಪ್ಪತ್ತೈದು ತುಂಬಿದ ಕಾರ್ಯಕ್ರಮ ಕುಂದಾಪುರದ ಸಭಾಂಗಣದಲ್ಲಿ ಎಂದು ನಿಶ್ಚಯವಾದಾಗ ಅವನು ಸಾಲಿಗ್ರಾಮದ ಶ್ರೀಶ ಎಂಬ ಸೌಂಡ್ ಇಂಜಿನಿಯರನ್ನು ಗೊತ್ತುಮಾಡಿದ. ಆತನದು ಗುಂಡಿಯೇ ಇಲ್ಲದ ಪೆಟ್ಟಿಗೆ, ಎಲ್ಲವೂ ಗಾಜಿನ ಮೇಲೆ ಬೆರಳಾಡಿಸಿದರೆ ಆಯಿತು. ವಿನಯಾ, ಪ್ರೇಮಾನಂದ ಇಬ್ಬರೂ, ಬಚ್ಚನೇ ಸಾಕಲ್ಲ ಎಂದು ಮುಖ ಮುಖ ನೋಡಿಕೊಂಡರು. ಉಮಾನಾಥ ಕೇಳಲಿಲ್ಲ.

ವಿಷಯ ತಿಳಿದು ಬಚ್ಚ ಬೋಟಿನಿಂದ ನೇರ ಅಂಗಡಿಗೆ ಬಂದ. ಕಾಲಿನಲ್ಲಿ ಇನ್ನೂ ಮರಳಿತ್ತು.

"ಉಮಾ, ಪೆಟ್ಗಿ ನನ್ನ್ ಹತ್ರವೇ ಇರ್ಲಿ ಮಾರಾಯಾ."

"ನೀ ಈ ಸರ್ತಿ ಎದ್ರಿನ ಸಾಲಂಗೆ ಕೂಕೋ. ಶಾಲ್ ಹಾಕ್ತ್ರ್ ನಿಂಗೆ."

"ಶಾಲ್ ಬ್ಯಾಡ. ಹೊಸ್ಬರಿಗ್ ನಿನ್ ಸ್ವರದ್... ಅಂದಾಜ್ ಇರುದಿಲ್ಲೆ."

"ಅಂದಾಜ್ ಎಂತದ? ಗುಂಡಿ ತಿರ್ಗ್ಸುಕೆ ಎಂತ ಪದವಿ ಬೇಕಾ? ಇಪ್ಪತ್ತೈದ್ ವರ್ಷ ನೀ ತಿರ್ಗ್ಸಿದ್ದೆ, ಸಾಕಲೆ!"

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಬಚ್ಚ ಅವರನ್ನು ನೋಡಿದ, ನೆಲ ನೋಡಿದ, "ಆಯ್ತ್, ಬತ್ತೆ ಹಾಂಗಾರೆ" ಎಂದು ಹೋದ. ಉಮಾನಾಥ ಆ ಮಾತನ್ನು ಅಸೂಯೆ ಎಂಬ ಖಾನೆಗೆ ಸೇರಿಸಿದ. ಆ ಸಂಜೆ ಬಚ್ಚ ಮನೆಗೂ ಹೋಗಿ ಹರಿಣಾಕ್ಷಿಯೊಡನೆ ಮಾತಾಡಿದ್ದ. ಅವಳೂ ಗಂಡನಿಗೆ, "ಅವ್ರನ್ನೇ ಕೂರ್ಸ್ಕಣಿ" ಎಂದಳು. "ಸಂಗೀತದ್ ವಿಷಯ ನಿಂಗ್ ಗೊತ್ತಾತಿಲ್ಲೆ" ಎಂದ ಗಂಡ. ಅವಳು ಮಿಕ್ಸಿ ಹಾಕಿದಳು.

ಭಾನುವಾರ ಸಂಜೆ ಐದು ಗಂಟೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಬಚ್ಚ, ಹೊಸ ಬಲೆಗೆ ಸಿಕ್ಕ ಹಳೇ ಮೀನಿನಂತೆ ಕುಳಿತಿದ್ದ. ಅವನ ಬದಿಯಲ್ಲಿ ಹರಿಣಾಕ್ಷಿ, ಅವಳ ಬದಿಯಲ್ಲಿ ಬುಟ್ಟಿ ಮೀನಿನ ಸೀತಕ್ಕ. ಪ್ರೇಮಾನಂದ ಕೀಬೋರ್ಡು ಹಿಡಿದ. ಉಮಾನಾಥ ಕಣ್ಣು ಮುಚ್ಚಿ, ಒಂದು ಕೈ ಆಕಾಶಕ್ಕೆ ಚಾಚಿ, ಎತ್ತಿದ:

"ಹೋಪ ಬಾ..."

ಸ್ಪೀಕರಿನಿಂದ ಬಂದದ್ದನ್ನು ವರ್ಣಿಸುವುದು ಕಷ್ಟ. ತುಕ್ಕು ಹಿಡಿದ ರಾಟೆಯಲ್ಲಿ ಯಾರೋ ಅವಸರದಲ್ಲಿ ನೀರು ಸೇದುತ್ತಿರುವಂತೆ, ಆ ರಾಟೆಗೆ ಜ್ವರವೂ ಬಂದಿರುವಂತೆ. ಎರಡು ಮಕ್ಕಳು ಒಮ್ಮೆಗೇ ಅತ್ತವು. ಶ್ರೀಶ ಬೆಚ್ಚಿ, ವಯರು ಕೆಟ್ಟಿದೆಯೆಂದು ವಯರು ಬದಲಿಸಿದ. ಉಮಾನಾಥ ಮತ್ತೆ ಎತ್ತಿದ. ಮೈಕು ಕೆಟ್ಟಿದೆಯೆಂದು ಮೈಕು ಬದಲಿಸಿದ. ಹೊಸ ಮೈಕಿನಲ್ಲಿ ಸ್ವರ ಇನ್ನೂ ಸ್ವಚ್ಛವಾಗಿ ಕೇಳಿಸಿತು. ಅದೇ ಅನಾಹುತ.

"ಹ್ವಾಯ್, ಸ್ಪೀಕರ್ ಒಡ್ದಿತ್ ಕಾಣಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ಸೀತಕ್ಕ, ಮೀನು ಮಾರ್ಕೆಟ್ಟಿನಲ್ಲಿ ಹದಗೊಂಡ ಕಂಠದಲ್ಲಿ, ಮೈಕಿನ ಹಂಗಿಲ್ಲದೆ ಹೇಳಿದಳು: "ಸ್ಪೀಕರಿಗ್ ಎಂತ ಆಯ್ಲಿಲ್ಲೆ! ಉಮಣ್ಣ, ನೀವ್ ಯಾಕೆ ಹಾಡ್ತ್ರಿ? ಏಗ್ಳೂ ಬಚ್ಚ ಹಾಡುದ್ ಅಲ್ದಾ? ಬಚ್ಚನ್ ಕಳ್ಸಿನಿ ಹಿಂದ್!"

ಸಭೆ ನಗಲಿಲ್ಲ. ನಕ್ಕಿದ್ದರೆ ಉಮಾನಾಥ ಬದುಕಿಕೊಳ್ಳುತ್ತಿದ್ದ. ಎಲ್ಲರಿಗೂ ಮೊದಲೇ ತಿಳಿದಿದ್ದ ಸಂಗತಿಯನ್ನು ಯಾರೋ ಬಾಯಿತಪ್ಪಿ ಹೇಳಿಬಿಟ್ಟಾಗ ಆಗುವಂಥ ಮೌನ ಅಲ್ಲಿತ್ತು. ಅವನು ವಿನಯಾಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು. ಪ್ರೇಮಾನಂದನ ಕಡೆ ನೋಡಿದ. ಅವನು ಕೀಬೋರ್ಡಿನ ಕಪ್ಪು ಮನೆಗಳನ್ನು ಎಣಿಸತೊಡಗಿದ.

ಆ ಮೌನವನ್ನು ತಡೆಯಲಾರದೆ ಬಚ್ಚ ಎದ್ದು ನಿಂತ. ಗೆಳೆಯನ ಮಾನ ಉಳಿಸುವ ದಾರಿ ಅವನಿಗೆ ಗೊತ್ತಿದ್ದದ್ದು ಒಂದೇ. ಶಾಲು ಜಾರಿದ್ದೂ ತಿಳಿಯದೆ, ಬರಿಗಂಟಲಿನಲ್ಲಿ ಹಾಡಿದ: "ಹೋಪ ಬಾ, ಕಡ್ಲ್ ಬದಿಗೆ ಹೋಪ ಬಾ..."

ಉಮಾನಾಥ ಆ ಸ್ವರವನ್ನು ಬಲ್ಲ. ಸಭೆಯ ಹಿಂದಿನ ಗೋಡೆಗೆ ಬಡಿದು ತನ್ನ ಬಳಿಗೇ ಮರಳಿ ಬರುತ್ತಿದೆಯೆಂದು ಇಪ್ಪತ್ತೈದು ವರ್ಷ ನಂಬಿದ್ದ ತನ್ನದೇ ಸ್ವರ. ಈಗ ಅದು ಮುಂದಿನ ಸಾಲಿನ ಮೂರನೇ ಕುರ್ಚಿಯಿಂದ ಬರುತ್ತಿತ್ತು. ಕೊನೆಯ 'ಬಾ' ಮೇಲೇರಿದಾಗ ಅದೇ ಜಾಗದಲ್ಲಿ, ಅಷ್ಟೇ ಸಣ್ಣಗೆ, ಸೀಳಿತು. ಎರಡು ವರ್ಷ ಕುಡಿದ ಕಷಾಯವೆಲ್ಲ ಒಮ್ಮೆಗೇ ಉಮಾನಾಥನ ಕಣ್ಣಿಗೆ ಬಂತು.

ಮನೆಗೆ ಬಂದು ಅವನು ಜಗಲಿಯಲ್ಲಿ ಕುಳಿತ. ಹರಿಣಾಕ್ಷಿ ನೀರು ತಂದಿಟ್ಟಳು.

"ನಿಂಗೂ ಗೊತ್ತಿತ್ತಾ?"

"ಮದಿ ಆದ್ ಮರ್ದಿನ ನೀವ್ ಬಚ್ಚಲಂಗೆ ಹಾಡ್ದ್ರಿ. ಅಲ್ಲೇ ಗೊತ್ತಾಯ್ತ್."

"ಹಾಂಗಾರೆ ಇಷ್ಟ್ ವರ್ಷ ಎಂತಕ್ ಹೇಳ್ಲಿಲ್ಲೆ?"

"ಬಚ್ಚಣ್ಣ ಬ್ಯಾಡ ಅಂದ್ರ್. 'ಉಮ ಇಲ್ದಿರೆ ಬ್ಯಾಂಡ್ ಇಲ್ಲೆ, ಬ್ಯಾಂಡ್ ಇಲ್ದಿರೆ ನಾ ಹಾಡುದ್ ಎಲ್ಲಿ' ಅಂದ್ರ್. ಮೈಕ್ ಟವೆಲಿನ ಅಡಿಗಿತ್ತ್ ಅಲ್ದಾ, ನೀವ್ ಒಂದ್ ಸರ್ತಿ ತಿರ್ಗಿ ಕಂಡಿದ್ರೆ ಸಾಕಿತ್ತ್."

"ಮತ್ತೆ ನನ್ನ್ ಗುಂಡಿಗೆ 'ಹೋಪುದ್' ಅಂದೆಳಿ ಬರ್ದದ್ದ್?"

"ವಿನಯಾಂದ್ ಬಪ್ಪುದ್, ಅಂದ್ರೆ ಸ್ಪೀಕರಂಗೆ ಜನ್ರಿಗ್ ಕೇಂಬುಕ್ ಬಪ್ಪುದ್. ನಿಮ್ದ್ ಹೋಪುದ್; ನಿಮ್ ಕಾಲ್ಬುಡದ್ ಸಣ್ಣ ಪೆಟ್ಗಿಗ್ ಹೋಪುದ್. ಅಷ್ಟೇ. ಅದ್ರಂಗೆ ಎಕೋ ಬೇರೆ ಹಾಕಿ ಕೊಡ್ತಿದ್ರ್, ನಿಮ್ಗ್ ಚೆಂದ ಕೇಂಬುಕೆ."

ತಾನು ಕೇಳಿ ತಾನೇ ಮೆಚ್ಚಿದ ಪ್ರತಿ ಹಾಡಿಗೂ ಹಿಂದೆ ಕುಳಿತ ಒಬ್ಬ, ಬೋಟಿನಿಂದ ದಣಿದು ಬಂದ ಒಬ್ಬ, ಬೆರಳ ತುದಿಯಲ್ಲಿ ಚೆಂದ ತುಂಬುತ್ತಿದ್ದ.

ಮರುದಿನ ಬೆಳಿಗ್ಗೆ ಉಮಾನಾಥ ಕಡಲ ಬದಿಗೆ ಹೋದ. ಬಚ್ಚ ಮರಳಿನ ಮೇಲೆ ಕುಳಿತು ಬಲೆಗೆ ತೇಪೆ ಹಾಕುತ್ತಿದ್ದ. ಉಮಾನಾಥ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅಲ್ಲಿ ತಲುಪುವ ಹೊತ್ತಿಗೆ ಸೋರಿಹೋಗಿದ್ದವು.

"ಮುಂದಿನ್ ಸರ್ತಿ ನೀ ಎದ್ರಿಗ್ ನಿಲ್ಲ್," ಎಂದ.

"ಈಗ್ಳ್ ಎಂತಕಾ?" ಬಚ್ಚ ನಕ್ಕ. ಈಗ ಎರಡು ಹಲ್ಲಿರಲಿಲ್ಲ. ಈ ಬಾರಿ ಬಾಯಿ ಮುಚ್ಚಿಕೊಳ್ಳಲೂ ಇಲ್ಲ. "ಬೋಟಂಗೆ ಇಂಜಿನ್ ಮೇಲೆ ಕೂಗಿ ಕೂಗಿ ಮೇಲಿನ್ ಸ್ವರ ಹೋಯ್ತ್. ಎರಡ್ ವರ್ಷ ಆಯ್ತ್. ನೀ ಕಂಡಿದ್ದಿಲ್ಯಾ?"

"ಕಂಡಿದ್ದೆ," ಎಂದ ಉಮಾನಾಥ. "ನಂದ್ ಅಂದೆಳಿ ಕಷಾಯ ಕುಡ್ದೆ."

ಬಚ್ಚ ಬಲೆ ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಉಮಾನಾಥ ಕುಳಿತು, ಬಲೆಯ ಇನ್ನೊಂದು ತುದಿ ಹಿಡಿದ. ಆಯುಷ್ಯವಿಡೀ ಬಲೆ ಮಾರಿದವನಿಗೆ ತೇಪೆ ಹಾಕಲು ಬರುತ್ತಿರಲಿಲ್ಲ; ಎಳೆದು ಹಿಡಿದುಕೊಂಡ, ಅಷ್ಟೇ.

ಉಮಾನಾಥ ಬಚ್ಚನಿಗೆ ಕೊಡಬೇಕಾಗಿರುವುದು: ವೇದಿಕೆಯ ಮುಂದಿನ ಜಾಗ, ಇಪ್ಪತ್ತೈದು ವರ್ಷ.