ಸ್ವೀಡನ್ ಮುತ್ತಜ್ಜನ ಬೆಡಗು

ಸ್ವೀಡನ್ನಿನಿಂದ ಇಳಕಲ್ಲಿಗೆ ನೇರ ಬಸ್ಸಿಲ್ಲ. ಆದರೂ ನಮ್ಮ ಮುತ್ತಜ್ಜ ಬಂದ. ಬಾದಾಮಿ ಕಡೆ ರೈಲು ಹಳಿ ಹಾಕಲು ಬಂದವನು ಬಿಸಿಲು ಬಡಿದು ನೇಕಾರರೊಬ್ಬರ ಪಡಸಾಲೆಯಲ್ಲಿ ಮಲಗಿದ. ಆ ಮನೆಯ ಮಗಳು ಕೊಟ್ಟ ಮಜ್ಜಿಗೆ ಕುಡಿದು ಎದ್ದವನು ತಾಯ್ನಾಡನ್ನೇ ಮರೆತ. ನನ್ನ ಬೆಕ್ಕಿನ ಕಣ್ಣೇ ಇದಕ್ಕೆ ಸಾಕ್ಷಿ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಕೆರೂರಿಗೆ ಹೆಣ್ಣು ನೋಡಲು ಹೋಗಿ ಸಂಗಪ್ಪನವರ ಮಗಳು ಶಾಂತವ್ವನನ್ನು ನೋಡಿ ಬಂದೆವು. ಅವಳು ನನ್ನನ್ನು ನೋಡಿ ನಕ್ಕಳು. ನಾನು ಬಾಯಲ್ಲಿದ್ದ ಅವಲಕ್ಕಿ ನುಂಗುವುದನ್ನೇ ಮರೆತೆ. ಇನ್ನೇನು ನಿಶ್ಚಯವಾಗಬೇಕು, ಅಷ್ಟರಲ್ಲಿ ಹುನಗುಂದದ ಕೋರ್ಟು ಗುಮಾಸ್ತನೊಬ್ಬ ಅದೇ ಅವಲಕ್ಕಿ ತಿಂದು ಹೋದ ಸುದ್ದಿ ಬಂತು. ಅವನಿಗೆ ಸರಕಾರಿ ಪಗಾರ. ನನಗೆ ಒಂದು ಕೈಮಗ್ಗ. ತೂಕ ಹೆಚ್ಚಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಸ್ವೀಡನ್ ಒಂದೇ!

ಮರುದಿನವೇ ಕೆರೂರಿಗೆ ಹೋಗಿ ಮುತ್ತಜ್ಜನ ಕಥೆಯನ್ನು ಸಂಗಪ್ಪನವರ ಮುಂದೆ ಬಿಚ್ಚಿದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಹಂಗಾರ ನೀವು ಮೊನ್ನೆ ಹೇಳಿದ ಬೆಡಗು ಯಾರದು?”

“ಮುತ್ತಜ್ಜೀದ್ರಿ.”

“ಬೆಡಗು ಅಪ್ಪನ ಕಡಿಂದ ಬರಬೇಕಪಾ. ನಿಮ್ಮ ಸಾಹೇಬಂದು ಯಾವ ಬೆಡಗು?”

ಬೆಡಗೆಂದರೆ ಗೋತ್ರವಿದ್ದಂತೆ; ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರು. ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಇಷ್ಟು ನನಗೂ ಗೊತ್ತಿತ್ತು. ಆದರೆ ಸ್ವೀಡನ್ನಿಗೂ ಕೆರೂರಿಗೂ ಎಲ್ಲಿಯ ಅಣ್ಣತಮ್ಮಂದಿರು?

“ಹೆಳವನ್ನ ಕರಕೊಂಡ ಬರ್ತೇನ್ರಿ. ಅಂವನ ಹೇಳ್ಲಿ,” ಎಂದು ಘೋಷಿಸಿದೆ.

ಮನೆಯಲ್ಲಿ ಇದನ್ನು ಕೇಳಿ ಅವ್ವ ಹಣೆ ಬಡಿದುಕೊಂಡಳು. “ಹುಡುಗಿ ನಿನ್ನ ನೋಡಿ ನಕ್ಕಾಳ, ಸಾಲ್ದೇನಲೇ? ಸತ್ತಾವನ್ನ ಯಾಕ ಎಬ್ಬಸ್ತೀ?”

ಎರಡೂ ಮನೆತನಗಳ ವಂಶಾವಳಿ ಹಾಡುವ ಹೆಳವ ಎತ್ತಿನ ಮೇಲೆ ಕೂತು ಕೆರೂರಿಗೆ ಬಂದ. ಎತ್ತಿಗೆ ಹಿಂಡಿ ಕೇಳಿದ. ತನಗೆ ಹೋಳಿಗೆ ಕೇಳಿದ. ಉಂಡು, ತೇಗಿ, ಕಣ್ಣು ಮುಚ್ಚಿ ಶುರು ಮಾಡಿದ.

“ಬಿಳೇ ಮನಷ್ಯಾಗ ಬೆಡಗಿಲ್ಲ. ಬೆಡಗಿಲ್ದಾವಗ ಹೆಣ್ಣ ಹೆಂಗ ಕೊಡೂದು? ಕೆರೂರ ಗುರಪ್ಪ ಅಂವನ್ನ ತೊಡಿ ಮ್ಯಾಲ ಕುಂಡ್ರಿಸ್ಕೊಂಡು ದತ್ತಕ ತಗೊಂಡ. ತನ್ನ ಬೆಡಗ ಕೊಟ್ಟು ಲಗ್ನಾ ಮಾಡ್ದ.”

ತೊಲೆಗೆ ತಲೆ ತಾಗುವಷ್ಟು ಎತ್ತರದ ಸ್ವೀಡನ್ನಿನವನನ್ನು ತೊಡೆಯ ಮೇಲೆ ಹೊತ್ತ ಆ ಗುರಪ್ಪನನ್ನು ನೆನೆದು ನಾನು ಮನಸಾರೆ ನಕ್ಕೆ. ಸಂಗಪ್ಪನವರು ನಗಲಿಲ್ಲ.

“ಗುರಪ್ಪ ಅಂದ್ರ ನಮ್ಮ ಅಜ್ಜ,” ಎಂದರು.

ಹೆಳವ ಬೆರಳು ಮಡಿಚಿ ತಲೆಮಾರು ಎಣಿಸಿದ. ಶಾಂತವ್ವ ನಮ್ಮಪ್ಪನಿಗೆ ತಂಗಿಯಾದಳು. ಅಂದರೆ ನನಗೆ ಸೋದರತ್ತೆ!

“ದತ್ತಕ ಅಲ್ಲೇನ್ರಿ? ರಕ್ತಾ ಬ್ಯಾರೆ ಐತಲ್ರಿ,” ಎಂದು ವಕೀಲಿ ಮಾಡಿ ನೋಡಿದೆ.

“ಬೆಡಗು ರಕ್ತಾ ನೋಡಂಗಿಲ್ಲೋ ತಮ್ಮಾ,” ಎಂದ ಹೆಳವ. “ಮದಲ ಅತ್ತಿ ಕಾಲಿಗೆ ಬೀಳು.”

ಶಾಂತವ್ವ ಗುಮಾಸ್ತನ ಹೆಂಡತಿಯಾದಳು. ಅಳಿಯನಾಗಬೇಕಿದ್ದ ಮನೆಗೆ ನಾನು ಮೊಮ್ಮಗನಾಗಿ ಸೇರಿ, ಮದುವೆಯಲ್ಲಿ ಸಾರು ಬಡಿಸಿದೆ. ಮದುಮಕ್ಕಳ ಕಾಲಿಗೂ ಬಿದ್ದೆ.

“ಯಾರ ಇಂವ?” ಎಂದು ಗುಮಾಸ್ತ ಕೇಳಿದ.

“ನಮ್ಮ ಅಣ್ಣನ ಮಗಾರಿ,” ಎಂದಳು ಶಾಂತವ್ವ. “ನಮ್ಮಿಬ್ಬರ ಲಗ್ನಾ ಕುದರ್ಸಿದಾಂವ ಇಂವನ.”

ಗುಮಾಸ್ತ ಖುಷಿಯಾಗಿ ಮದುವೆಯ ಉಡುಗೊರೆಯಾಗಿ ನನ್ನ ಹೆಗಲಿಗೆ ಆಯೇರಿಯ ಟವೆಲ್ಲು ಹೊದಿಸಿದ. ಇಳಕಲ್ಲಿನ ನೇಕಾರನಿಗೆ ಮಿಲ್ಲಿನ ಟವೆಲ್ಲು. ಅದರಲ್ಲೇ ಮುಖ ಒರೆಸಿಕೊಂಡು ಸಾರಿನ ಬಕೆಟ್ಟು ಎತ್ತಿಕೊಂಡೆ.