ಕೋಡುಬಳೆ ಕೊಟ್ಟ ತಪ್ಪಿಗೆ

ಗುದ್ದಿದವರಿಗಿಂತ ಗುದ್ದಿಸಿಕೊಂಡವರೇ ಹೆಚ್ಚು ಉತ್ತರ ಹೇಳಬೇಕಾದ ಊರಿದು. ಹಾಗಾಗಿ ನನಗೆ ಇಂಥವು ಒಂದಾದ ಮೇಲೊಂದು ಆಗುತ್ತಲೇ ಇರುತ್ತವೆ. ನಾನು ಬಿ.ಎಸ್ಸಿ. ಓದಿದವಳು, ಮನೆಯ ಪ್ರತಿ ರಸೀದಿಯನ್ನೂ ಫೈಲ್ ಮಾಡಿಟ್ಟವಳು, ಅಮೆರಿಕದ ಈ ಸ್ಯಾನ್ ಡಿಯೇಗೋದಲ್ಲಿ ಇಷ್ಟು ವರ್ಷ ಪೊಲೀಸರ ದಂಡದ ಒಂದು ಟಿಕೆಟ್ಟೂ ಇಲ್ಲದೆ ಡ್ರೈವ್ ಮಾಡಿದವಳು. ನನ್ನ ಮೇಲೇ ತಪ್ಪು ಹೊರಿಸಿದರೆ ಸುಮ್ಮನಿರಲೇ?

ಇಪ್ಪತ್ತು ಪರ್ಸೆಂಟ್

ಪಕ್ಕದ ಊರು ಪೊವೇಯಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆ. ಹಿಂದಿನ ಕಾರು ಧಡ್ ಎಂದು ಗುದ್ದಿತು. ನನ್ನ ಭುಜ ಉಳುಕಿತು. ಇಳಿದು ನೋಡಿದರೆ ಗುದ್ದಿದ ಯುವಕ ಗಡಗಡ ನಡುಗುತ್ತಿದ್ದಾನೆ. ಕರುಳು ಚುರ್ ಎಂದಿತು. "ಸಾರಿ, ಸಾರಿ! ನಿನಗೇನೂ ಆಗಲಿಲ್ಲವಲ್ಲ?" ಎಂದು ನೀರು ಕೊಟ್ಟೆ. ಗೆಳತಿಯ ಮನೆಗೆ ಒಯ್ಯುತ್ತಿದ್ದ ಡಬ್ಬಿಯಿಂದ ಕೋಡುಬಳೆಯನ್ನೂ ಕೊಟ್ಟೆ.

ಕೆಲವು ದಿನ ಬಿಟ್ಟು ಅವನ ಇನ್ಶೂರೆನ್ಸ್ ಕಂಪನಿಯಾತ ಫೋನ್ ಮಾಡಿದ.

"ಮೇಡಂ, ಇಪ್ಪತ್ತು ಪರ್ಸೆಂಟ್ ತಪ್ಪು ನಿಮ್ಮದು."

"ನಿಂತ ಕಾರಿನಲ್ಲಿ ಕೂತು ಏನಪ್ಪಾ ತಪ್ಪು ಮಾಡಲಿ?"

"ನೀವೇ ಸಾರಿ ಕೇಳಿದ್ದೀರಿ. ತಿಂಡಿ ಬೇರೆ ಕೊಟ್ಟಿದ್ದೀರಿ. ತಪ್ಪು ಮಾಡದವರು ತಿಂಡಿ ಯಾಕೆ ಕೊಡುತ್ತಾರೆ?"

ನನ್ನ ಮೈಯೆಲ್ಲ ಉರಿಯಿತು. ನಮ್ಮ ಯಜಮಾನರು ಮಾತ್ರ ಪೇಪರಿನಿಂದ ತಲೆಯೆತ್ತದೆ ಹೇಳಿದರು: "ಸದ್ಯ, ಮೈಸೂರುಪಾಕು ಕೊಡಲಿಲ್ಲ. ಐವತ್ತಾಗುತ್ತಿತ್ತು."

ಬೋರ್ಡಿನ ವಕೀಲರು

ಲಾಸ್ ಏಂಜಲೀಸಿನ ಫ್ರೀವೇ ಉದ್ದಕ್ಕೂ ದೊಡ್ಡ ಬೋರ್ಡುಗಳಲ್ಲಿ ಕೈಕಟ್ಟಿ ನಗುವ ವಕೀಲರೊಬ್ಬರಿದ್ದಾರೆ. ವುಡ್‌ಲ್ಯಾಂಡ್ ಹಿಲ್ಸ್‌ನ ಅವರ ಆಫೀಸಿಗೆ ಅಷ್ಟು ದೂರ ಹೋದೆವು. ಅಲ್ಲಿದ್ದ ಹುಡುಗಿ ಕೇಸು ಒಪ್ಪಿಸುವ ಕಾಗದ ಮುಂದಿಟ್ಟು ಸಹಿ ಹಾಕಿ ಎಂದಳು.

"ವಕೀಲರನ್ನು ನೋಡದೆ ಸಹಿಯೇ? ನಾವು ಮನೆಗೆ ಬಾಡಿಗೆಯವರನ್ನೂ ಹಾಗೆ ಒಪ್ಪುವುದಿಲ್ಲ!"

"ಅವರು ಯಾರಿಗೂ ಸಿಗುವುದಿಲ್ಲ ಮೇಡಂ."

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ನಗು. ಯಜಮಾನರು ಕೇಳಿದರು, "ಇಲ್ಲಿ ಸಿಕ್ಕಿದ್ದಾರಲ್ಲ, ನಿಲ್ಲಿಸಲೇ? ಮಾತಾಡಿಕೊಂಡು ಬಾ."

ಐ ಆಮ್ ಫೈನ್

ಕೊನೆಗೆ ಸ್ಯಾನ್ ಡಿಯೇಗೋದಲ್ಲೇ ಒಬ್ಬ ವಕೀಲೆಯನ್ನು ಗೊತ್ತು ಮಾಡಿದೆ. ಎಲ್ಲಿ ಓದಿದಿರಿ, ಎಷ್ಟು ಕೇಸು ಕೋರ್ಟಿನವರೆಗೆ ಒಯ್ದಿದ್ದೀರಿ ಎಂದೆಲ್ಲ ಕೇಳಿಯೇ ಒಪ್ಪಿದ್ದು. ಆಕೆ ಕಾನೂನು ಬಿಡಿಸಿ ಹೇಳಿದಳು: ಈ ರಾಜ್ಯದಲ್ಲಿ ನಿಮ್ಮ ತಪ್ಪು ಎಷ್ಟು ಪಾಲೋ ಪರಿಹಾರದಲ್ಲಿ ಅಷ್ಟು ಕಡಿತ, ಆದರೆ ಕನಿಕರದಿಂದ ಹೇಳಿದ ಸಾರಿ ತಪ್ಪೊಪ್ಪಿಗೆಯಲ್ಲ. ಕೇಳಿ ಜೀವ ಬಂತು. ಅಷ್ಟರಲ್ಲಿ ಆಕೆ ಡಾಕ್ಟರ ರಿಪೋರ್ಟ್ ತೆಗೆದಳು.

"ಪ್ರತಿ ಸಲವೂ ಐ ಆಮ್ ಫೈನ್ ಅಂದಿದ್ದೀರಿ! ಹೀಗಾದರೆ ಭುಜದ ನೋವಿಗೆ ಪುರಾವೆ ಎಲ್ಲಿ?"

"ಹೇಗಿದ್ದೀರಿ ಅಂದರೆ ಇನ್ನೇನು ಹೇಳಲಿ? ಹೊರಗಿನವರ ಮುಂದೆ ನರಳುವುದೇ?"

ಪಕ್ಕದಲ್ಲಿದ್ದ ಮಗಳು ಎಂದಿನಂತೆ ಅರ್ಧ ಇಂಗ್ಲಿಷಿನಲ್ಲಿ ಸಿಡುಕಿದಳು: "ಅಮ್ಮಾ, ಯು ಕಂಪ್ಲೇನ್ ಟು ಮಿ ಆಲ್ ಡೇ! ಇನ್ಮೇಲೆ ಅವರು ಕೇಳಿದಾಗ ಡಾಕ್ಟರ್ ಈಸ್ ಯುವರ್ ಡಾಟರ್ ಅಂದ್ಕೊ!"

ಇದನ್ನೂ ಬರೆದುಕೊಳ್ಳಿ

ಕೇಸು ಹಾಕಿದ ಮೇಲೆ ನನ್ನ ಹೇಳಿಕೆ ಪಡೆಯುವ ದಿನ ಬಂತು. ಮೇಜಿನ ಆಚೆ ಇನ್ಶೂರೆನ್ಸ್ ಕಡೆಯ ವಕೀಲ, ಪಕ್ಕದಲ್ಲಿ ಪ್ರತಿ ಮಾತನ್ನೂ ಟೈಪ್ ಮಾಡುವವಳು. ಆತ ಮತ್ತೆ ಮತ್ತೆ ಅದನ್ನೇ ಕೆದಕಿದ.

"ತಪ್ಪಿಲ್ಲದೆ ಯಾರಾದರೂ ಸಾರಿ ಕೇಳುತ್ತಾರೆಯೇ?"

"ನಮ್ಮಲ್ಲಿ ಕೇಳುತ್ತಾರೆ."

"ನಂಬುವುದು ಹೇಗೆ?" ಎನ್ನುತ್ತಾ ಯಾವುದೋ ಫೋಟೋ ತೋರಿಸಲು ಎದ್ದು ನನ್ನ ಹಿಂದಿನಿಂದ ಸುತ್ತಿ ಬಂದ. ಬರುವ ಭರದಲ್ಲಿ ನನ್ನ ಕುರ್ಚಿಗೆ ಢಬ್ ಎಂದು ಡಿಕ್ಕಿ ಹೊಡೆದ. ಅವನ ಕೈಯಲ್ಲಿದ್ದ ಕಾಫಿ ಅವನದೇ ಅಂಗಿಯ ಮೇಲೆಲ್ಲ ಚೆಲ್ಲಿತು.

"ಅಯ್ಯೋ, ಸಾರಿ, ಸಾರಿ! ನಿಮಗೇನೂ ಆಗಲಿಲ್ಲವಲ್ಲ?" ಎಂದು ನಾನು ಟಿಶ್ಯೂ ಹಿಡಿದು ಎದ್ದೇಬಿಟ್ಟೆ.

ನನ್ನ ವಕೀಲೆ ಮೆಲ್ಲಗೆ ಟೈಪಿಸ್ಟ್ ಕಡೆ ತಿರುಗಿ ಹೇಳಿದಳು: "ಹಿಂದಿನಿಂದ ಗುದ್ದಿದವರು ಅವರು, ಸಾರಿ ಕೇಳಿದವರು ಇವರು. ದಯವಿಟ್ಟು ಇದನ್ನೂ ಬರೆದುಕೊಳ್ಳಿ."

ನನ್ನ ತಪ್ಪು ಸೊನ್ನೆ ಎಂದು ಕಂಪನಿ ಒಪ್ಪಿ ಬರೆದ ಪತ್ರ ಬಂದಿದೆ, ಫೈಲ್ ಮಾಡಿದ್ದೇನೆ. ಆದರೆ ಆ ವಕೀಲ ಇದ್ದಾನಲ್ಲ, ಇವತ್ತಿನವರೆಗೆ ನನಗೊಂದು ಸಾರಿ ಹೇಳಿಲ್ಲ.